ಎಚ್ಚರಿಕೆ ಒಂದು ಸಾಲು ಕೆಳಗಿದೆ

೧

ಈ ಕಥೆಯ ಮೊದಲ ಸಾಲು ಯಾವುದಾಗಿರಬೇಕು ಎಂದು ಹನ್ನೆರಡು ದಿನಗಳಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ. ಕಥೆ ಬರೆಯುವವರು ಶುರುವಿನಲ್ಲೇ ಹೀಗೆ ಬೆಡಗು ಮಾಡುತ್ತಾರೆ, ಹಳೇ ಚಾಳಿ, ಎಂದು ನೀವು ಪುಟ ತಿರುವುವ ಮೊದಲು ಒಂದು ನಿಮಿಷ ತಡೆಯಿರಿ. ಯಾವ ಸಾಲು ಮೊದಲು, ಯಾವ ಸಾಲು ಆಮೇಲೆ ಎನ್ನುವ ಒಂದೇ ವಿಷಯಕ್ಕೆ ನಾನು ಎರಡು ತಿಂಗಳಿಂದ ಲಿಂಗಸುಗೂರಿನ ಒಬ್ಬ ಮನುಷ್ಯನ ಜೊತೆ ಜಗಳವಾಡುತ್ತಿದ್ದೇನೆ. ನನ್ನ ಬಿಪಿ ಮಾತ್ರೆ ಅರ್ಧದಿಂದ ಒಂದಕ್ಕೆ ಏರಿದೆ. ಬೆಡಗಿಗೋಸ್ಕರ ಯಾರೂ ಮಾತ್ರೆ ನುಂಗುವುದಿಲ್ಲ.

ಮೊದಲ ಕರಡು ಹೀಗೆ ಶುರುವಾಗಿತ್ತು: ‘ಮಸ್ಕಿ ಬಸ್ ನಿಲ್ದಾಣದ ಎದುರಿನ ಆನ್‌ಲೈನ್ ಸೆಂಟರಿನಲ್ಲಿ ಬುಧವಾರ ಮಧ್ಯಾಹ್ನ ಆದಮ್ಮ ಎಂಟರ್ ಒತ್ತಿದಳು.’

ಚೆನ್ನಾಗಿದೆ ಅಲ್ಲವೆ? ಚುರುಕಾಗಿದೆ, ಮುಂದೇನು ಎಂಬ ಕುತೂಹಲವೂ ಇದೆ. ಅದಕ್ಕೇ ಹರಿದು ಹಾಕಿದೆ. ಒತ್ತಿದರೆ ಏನಾಗುತ್ತದೆ ಎಂದು ಹೇಳದೆ ಮೊದಲು ಒತ್ತಿಸಿ, ಆಮೇಲೆ ಹೇಳುವುದೇ ಈ ಕಥೆಯಲ್ಲಿ ನಡೆದ ಅನ್ಯಾಯ. ಅದನ್ನೇ ನಿಮ್ಮ ಮೇಲೂ ಮಾಡಲೇ?

ಆದ್ದರಿಂದ ಎರಡನೇ ಕರಡು, ಇದನ್ನೇ ಇಟ್ಟುಕೊಂಡಿದ್ದೇನೆ:

ಎಚ್ಚರಿಕೆ. ಈ ಕಥೆಯಲ್ಲಿ ನಲವತ್ತೊಂದು ಹಾಡುಗಳು ಅಳಿಸಿಹೋಗುತ್ತವೆ. ಕೀ ಒತ್ತಿದವಳು ಆದಮ್ಮ. ತಪ್ಪು ಅವಳದಲ್ಲ. ಹಾಗೆಂದು ಅವಳನ್ನು ಒಪ್ಪಿಸಲು ನನ್ನಿಂದ ಆಗಲಿಲ್ಲ. ಯಾರೂ ಸಾಯುವುದಿಲ್ಲ. (ಒಂದು ಕರಡಿನಲ್ಲಿ ಒಬ್ಬರು ಸತ್ತಿದ್ದರು. ಅವರೇ ಎದ್ದು ಬಂದು ತಕರಾರು ತೆಗೆದರು. ಅದು ಮುಂದೆ ಬರುತ್ತದೆ.)

ಇನ್ನು ಓದುವುದು ಬಿಡುವುದು ನಿಮಗೆ ಸೇರಿದ್ದು. ಹೇಳಲಿಲ್ಲ ಎಂದು ಮಾತ್ರ ಅನ್ನಬೇಡಿ.

೭ (ಇಲ್ಲಿಗೆ ಎತ್ತಿ ತಂದದ್ದು)

ಈ ಭಾಗ ಮೊದಲು ಏಳನೆಯ ಜಾಗದಲ್ಲಿತ್ತು. ಅಷ್ಟೊತ್ತಿಗೆ ನೀವು ನನ್ನನ್ನು ಪೂರ್ತಿ ನಂಬಿ, ನನ್ನ ಜೊತೆ ಸೇರಿ ಲಿಂಗಸುಗೂರಿನವನನ್ನು ಬೈಯಲು ತಯಾರಾಗಿರುತ್ತಿದ್ದಿರಿ. ಆಗ ಮೆಲ್ಲಗೆ ಒಪ್ಪಿಕೊಂಡರಾಯಿತು ಎಂಬುದು ನನ್ನ ಹುನ್ನಾರ. ನಾಚಿಕೆಯಾಗಿ ಮೇಲೆ ತಂದಿದ್ದೇನೆ. ಆ ಹಾಡುಗಳನ್ನು ಅಳಿಸಿದ ಪುಟವನ್ನು ಬರೆದವನು ನಾನೇ.

ಹೆಸರು ಪಂಪಾಪತಿ. ಸಿಂಧನೂರಿನಲ್ಲಿ ರೈಸ್ ಮಿಲ್ಲಿನ ಹಿಂದಿನ ಗಲ್ಲಿಯಲ್ಲಿ ಮನೆ. ಕಿಟಕಿ ತೆರೆದರೆ ಕೀಬೋರ್ಡಿನ ಮೇಲೆ ತೌಡು ಕೂರುತ್ತದೆ, ಮುಚ್ಚಿದರೆ ನಾನು ಬೇಯುತ್ತೇನೆ. ಹೊಟ್ಟೆಪಾಡಿಗೆ ಪಂಪ್‌ಸೆಟ್ಟು, ಮಿಕ್ಸರು, ಸ್ಪ್ರೇಯರುಗಳ ಕೈಪಿಡಿಗಳನ್ನು ಕನ್ನಡಕ್ಕೆ ತರುತ್ತೇನೆ. ಮನಸ್ಸಂತೋಷಕ್ಕೆ ‘ಜಾಡು’ ಎಂಬ ತಂತ್ರಾಂಶದ ಕನ್ನಡ ಕೈಪಿಡಿ ಬರೆದೆ. ಮನಸ್ಸಂತೋಷ ಎಂಬ ಪದವನ್ನು ಆಮೇಲೆ ತೆಗೆದುಹಾಕಬೇಕು ಅಂದುಕೊಂಡಿದ್ದೆ, ಇರಲಿ ಬಿಡಿ, ನಗುವವರು ನಗಲಿ.

ಜಾಡು ಏನು ಮಾಡುತ್ತದೆ ಎಂದರೆ, ನೀವು ಒಂದು ಬರಹವನ್ನು ತಿದ್ದುತ್ತಾ ಹೋದಂತೆ ಪ್ರತಿ ಸಲದ ರೂಪವನ್ನೂ ತೆಗೆದಿಡುತ್ತದೆ. ಇವತ್ತಿನದು ಕೆಟ್ಟರೆ ಮೊನ್ನೆಯದಕ್ಕೆ ಹೋಗಬಹುದು. ಯಾರು ತಿದ್ದಿದರು, ಯಾವಾಗ, ಯಾಕೆ ಎಂಬುದೂ ಹೆಸರಿನ ಸಮೇತ ಉಳಿಯುತ್ತದೆ. ಆದರೆ ತೆಗೆದಿಡು ಎಂದು ನಾವು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ‘ದಾಖಲಿಸು’ ಎಂಬ ಆದೇಶವಿದೆ. ಹೇಳದಿದ್ದರೆ ಅದು ತೆಗೆದಿಡುವುದಿಲ್ಲ. ಇಷ್ಟು ತಿಳಿದರೆ ಈ ಕಥೆಗೆ ಸಾಕು. ನಾನು ಇದನ್ನೇ ಹೇಳಲು ನೂರಾ ಹತ್ತು ಪುಟ ತೆಗೆದುಕೊಂಡಿದ್ದೆ.

೨

ಆದಮ್ಮ ಪಾಮನಕಲ್ಲೂರಿನವಳು, ವಯಸ್ಸು ಇಪ್ಪತ್ತಾರು. ಮಸ್ಕಿಯ ಆ ಸೆಂಟರಿನಲ್ಲಿ ಪಹಣಿ, ಜಾತಿ ಪ್ರಮಾಣಪತ್ರ, ಆಧಾರ್ ಅರ್ಜಿ ಎಲ್ಲ ಅವಳ ಕೈಯಲ್ಲೇ ಆಗಬೇಕು. ಲಿಂಗಸುಗೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ ಸೀನಿಯರ್ ಪಾಸು ಮಾಡಿದವಳು. ಅಲ್ಲಿ ಕಲಿಸುವ ಕ್ರಮ ಏನೆಂದರೆ, ಮಾಸ್ತರರು ಓದುತ್ತಾರೆ, ಬೆರಳು ಹೊಡೆಯುತ್ತದೆ. ಕಣ್ಣು ಗೋಡೆಯ ಮೇಲಿರಬೇಕು. ಮಾಸ್ತರರ ದನಿ ಇಳಿಯಿತೋ, ಸಾಲು ಮುಗಿಯಿತು ಎಂದು ಅರ್ಥ. ಬಲಗೈಯ ಕಿರುಬೆರಳು ತಾನಾಗಿ ಎಂಟರ್ ಒತ್ತುತ್ತದೆ. ಕೇಳಿದ್ದಕ್ಕೂ ಒತ್ತಿದ್ದಕ್ಕೂ ನಡುವೆ ಯೋಚನೆ ಬಂದರೆ ಸ್ಪೀಡು ಕಮ್ಮಿ, ಪರೀಕ್ಷೆ ಫೇಲು.

ಓದುವವಳು ಮಕ್ತುಂಬೀ. ಅವಳು ಹೈಸ್ಕೂಲಿನಲ್ಲಿ ಕನ್ನಡದ ಅತಿಥಿ ಶಿಕ್ಷಕಿ, ಆದಮ್ಮನಿಗಿಂತ ಏಳೆಂಟು ವರ್ಷ ದೊಡ್ಡವಳು, ಪಾಠವಿಲ್ಲದ ಹೊತ್ತಿನಲ್ಲಿ ಸೆಂಟರಿನಲ್ಲೇ ಇರುತ್ತಾಳೆ. ಎಲ್ಲಿ ಏನನ್ನೇ ಓದಲಿ, ತರಗತಿಯಲ್ಲಿ ಓದಿದಂತೆ ಓದುತ್ತಾಳೆ. ಸಾಲಿನ ಕೊನೆಗೆ ದನಿ ಇಳಿಸಿ, ಹಿಂದಿನ ಬೆಂಚಿನವರೂ ಬರೆದುಕೊಳ್ಳಲಿ ಎಂದು ಒಂದು ಉಸಿರು ನಿಲ್ಲಿಸುತ್ತಾಳೆ. ಸೆಂಟರಿಗೆ ಹೊಸ ಅರ್ಜಿ ಬರಲಿ, ಹೊಸ ಪ್ರಿಂಟರ್ ಬರಲಿ, ಇವಳು ಓದುವುದು, ಅವಳು ಹೊಡೆಯುವುದು. ಇಬ್ಬರೂ ಸೇರಿ ಒಬ್ಬ ಓದುಗ.

ಕೈಪಿಡಿ ಬರೆಯುವ ನಾವು ಮಾತ್ರ ಒಬ್ಬನೇ ಕೂತು, ಪುಟಪೂರ್ತಿ ಕಣ್ಣಾಡಿಸಿ, ಗಲ್ಲ ಕೆರೆದುಕೊಂಡು, ಆಮೇಲೆ ನಿಧಾನವಾಗಿ ಕೀ ಒತ್ತುವ ಯಾವನೋ ಮಹಾಶಯನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತೇವೆ. ಅಂಥವನನ್ನು ನಾನು ಸಿಂಧನೂರಿನಿಂದ ಮುದಗಲ್ಲಿನವರೆಗೆ ಎಲ್ಲೂ ಕಂಡಿಲ್ಲ. ನಮ್ಮ ಕಡೆ ಮನೆಗೆ ಮಿಕ್ಸರ್ ಬಂದರೂ ಒಬ್ಬರು ಓದುತ್ತಾರೆ, ಇನ್ನೊಬ್ಬರು ಸ್ವಿಚ್ ಹಾಕುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ನಾನೂ ಇಲ್ಲೇ ಹುಟ್ಟಿದವನು. ಬರೆಯಲು ಕೂತಾಗ ಮಾತ್ರ ಮರೆತುಹೋಗುತ್ತದೆ.

೩

ಹಾಡುಗಳು ಇಮಾಮ್‌ಸಾಬರವು. ಮುದಗಲ್ಲಿನವರು, ಮಕ್ತುಂಬೀಯ ಸೋದರಮಾವ, ಎಪ್ಪತ್ತೆಂಟು ವರ್ಷ. ಮೊಹರಂನಲ್ಲಿ ಹಾಡುವ ಶೋಕದ ಪದಗಳು, ಎಲ್ಲವೂ ಕನ್ನಡದಲ್ಲಿ. ಒಂದೇ ಪದವನ್ನು ಎರಡು ಸಲ ಒಂದೇ ರೀತಿ ಹಾಡಿದವರಲ್ಲ. ಒಮ್ಮೆ ಕರ್ಬಲಾದ ಕಾಳಗದ ಕುದುರೆ ನಾಲ್ಕು ಸಾಲು ಅಳುತ್ತದೆ, ಇನ್ನೊಮ್ಮೆ ಕುದುರೆಯೇ ಇರುವುದಿಲ್ಲ. ಕೇಳಿದರೆ, ‘ಹಾಡು ಒಂದ ಐತಿ ಬೇಟಿ. ಹಾಡೋವಾಗ ಬ್ಯಾರೆ ಆಕ್ಕೈತಿ, ಅಷ್ಟ’ ಎನ್ನುತ್ತಾರೆ.

ಅವರ ಕಟ್ಟುಪಾಡುಗಳು ಬಿಗಿ. ಮೊಹರಂನ ಹತ್ತು ದಿನ ಬಿಟ್ಟು ಆ ಪದಗಳನ್ನು ಹಾಡುವುದಿಲ್ಲ. ಮೊಬೈಲಿನ ಮುಂದೆ ಹಾಡುವುದಿಲ್ಲ, ಯಾಕೆಂದರೆ ಹಿಂದೊಮ್ಮೆ ಯಾರೋ ಸಂಬಂಧಿಕ ಅವರ ದನಿಗೆ ಡಿಜೆ ಬಡಿತ ಸೇರಿಸಿ ರೀಲ್ ಬಿಟ್ಟಿದ್ದ. ಮದುವೆ ಮೆರವಣಿಗೆಯಲ್ಲಿ ಅದಕ್ಕೆ ಕುಣಿದರಂತೆ, ಕರ್ಬಲಾದ ಪದಕ್ಕೆ. ಅಂದಿನಿಂದ, ‘ಮೊಬೈಲ್ ಒಳಗ ಇಡ್ರಿ, ಇಲ್ಲಾಂದ್ರ ನಾ ಎದ್ದು ಹೊಂಟೆ.’

ಹೀಗಾಗಿ ಎರಡು ಮೊಹರಂ, ಇಪ್ಪತ್ತು ಮಧ್ಯಾಹ್ನ, ಅವರು ಮಸ್ಕಿಗೆ ಬಂದು ಮಕ್ತುಂಬೀಯ ಮನೆಯಲ್ಲಿ ಊಟ ಮಾಡಿ ಸೆಂಟರಿನಲ್ಲಿ ಕೂತು ಹಾಡಿದರು. ಸರ್ಕಾರಿ ವೆಬ್‌ಸೈಟಿನ ಸರ್ವರ್ ಮಧ್ಯಾಹ್ನ ಬಿದ್ದೇ ಇರುತ್ತಿದ್ದದ್ದು ಅನುಕೂಲವಾಯಿತು. ಬಾಗಿಲಿಗೆ ‘ಸರ್ವರ್ ಡೌನ್’ ಬೋರ್ಡು, ಒಳಗೆ ಇಮಾಮ್‌ಸಾಬರ ದನಿ, ಅದರ ಹಿಂದೆಯೇ ಆದಮ್ಮನ ಬೆರಳು. ನಲವತ್ತೊಂದು ಪದ.

(ಕಾಗದದ ಮೇಲೆ ಬರೆದಿಡಬಾರದಿತ್ತೇ, ಪ್ರಿಂಟಾದರೂ ತೆಗೆಯಬಾರದಿತ್ತೇ, ಅದೂ ಜೆರಾಕ್ಸ್ ಮಶೀನು ಇರುವ ಅಂಗಡಿಯಲ್ಲಿ ಕೂತು, ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಇಮಾಮ್‌ಸಾಬರು ಎಲ್ಲವನ್ನೂ ಒಮ್ಮೆ ಕುಳಿತು ಕೇಳಿ ‘ಹೂಂ’ ಅನ್ನದೆ ಕಾಗದಕ್ಕೆ ಇಳಿಸುವುದು ಸರಿಯಲ್ಲ ಎಂದು ಇಬ್ಬರಿಗೂ ಅನ್ನಿಸಿತ್ತು. ಅಕ್ಷರ ಸರಿ ಮೂಡುತ್ತದೆಯೇ ನೋಡಲು ತೆಗೆದ ಒಂದು ಹಾಳೆ ಇದೆ. ಅದರಲ್ಲಿ ಅರ್ಧ ಪದ ಇದೆ.)

ಸರಿ, ಜಾಡಿನಲ್ಲಿ ಯಾಕೆ ದಾಖಲಿಸಲಿಲ್ಲ? ಅದಕ್ಕೇ ತಾನೇ ಅದು ಇರುವುದು? ಇಲ್ಲಿ ಮತ್ತೆ ನಾನೇ ಬರುತ್ತೇನೆ. ಸಿಂಧನೂರಿನಲ್ಲಿ ಒಂದು ದಿನದ ಶಿಬಿರ ಮಾಡಿ ಇವರಿಬ್ಬರಿಗೂ ಜಾಡು ಕಲಿಸಿದವನು ನಾನು. ಅಲ್ಲಿ ಎದೆ ಉಬ್ಬಿಸಿ, ‘ಒಮ್ಮೆ ದಾಖಲಿಸಿದರೆ ಹೆಸರು ಶಾಶ್ವತ. ನಿಮ್ಮ ಮಸ್ಕಿ ಬಂಡೆಯ ಮೇಲೆ ಅಶೋಕನ ಹೆಸರು ಇದೆಯಲ್ಲ, ಹಾಗೆ. ಯಾರೂ ಅಳಿಸಲಾರರು’ ಎಂದೆ. ಚಪ್ಪಾಳೆ ಬಿತ್ತು. ಆ ಮಾತನ್ನು ಕೈಪಿಡಿಯ ಮೂರನೇ ಪುಟಕ್ಕೂ ಹಾಕಿದೆ. ಇವರಿಬ್ಬರೂ ಅದನ್ನು ನಂಬಿದರು. ಹಿರಿಯರ ಹೆಸರನ್ನು ಬಂಡೆಯ ಮೇಲೆ ಕೆತ್ತುವುದೆಂದರೆ ಹಿರಿಯರನ್ನು ಕೇಳದೆ ಆಗುತ್ತದೆಯೇ? ‘ಹೂಂ’ ಬರಲಿ ಎಂದು ನಲವತ್ತೊಂದನ್ನೂ ದಾಖಲಿಸದೆ ಹಾಗೇ ಇಟ್ಟುಕೊಂಡು ಕಾದರು. ಶುಕ್ರವಾರ ಇಮಾಮ್‌ಸಾಬರು ಕೇಳಲು ಬರುವವರಿದ್ದರು.

(ಮಸ್ಕಿಯ ಬಗ್ಗೆ ಬರೆದು ಅಶೋಕನನ್ನು ತರದಿದ್ದರೆ ಊರವರು ಬಿಡುವುದಿಲ್ಲ. ತಂದಾಯಿತು. ಆದದ್ದು ಇಷ್ಟೇ ಪ್ರಯೋಜನ.)

೪

ಬುಧವಾರ. ಇಮಾಮ್‌ಸಾಬರು ಬರುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ಮಕ್ತುಂಬೀ ಕೂತಳು. ಒಂದು ಪದದಲ್ಲಿ ಅಂದು ಬೆಳಿಗ್ಗೆ ತಿದ್ದುವಾಗ ಎರಡು ಸಾಲು ಎರಡೆರಡು ಸಲ ಬಂದಿದ್ದವು. ಅದನ್ನು ರದ್ದು ಮಾಡಬೇಕು. ನನ್ನ ಕೈಪಿಡಿ ತೆಗೆದು, ೪.೩ನೇ ಭಾಗ ಹುಡುಕಿ, ಎಂದಿನಂತೆ ಓದತೊಡಗಿದಳು.

‘ಬೇಡವಾದ ಬದಲಾವಣೆಯನ್ನು ರದ್ದುಗೊಳಿಸುವುದು. ಇದಕ್ಕಾಗಿ ಈ ಆದೇಶ ನೀಡಿ. ಜಾಡು, ಮರಳು, ಪೂರ್ತಿ.’

ದನಿ ಇಳಿಯಿತು. ಆದಮ್ಮನ ಕಿರುಬೆರಳು ಒತ್ತಿತು.

‘ಗಮನಿಸಿ,’ ಎಂದು ಮಕ್ತುಂಬೀ ಅದೇ ತರಗತಿಯ ದನಿಯಲ್ಲಿ ಮುಂದುವರಿಸಿದಳು. ‘ದಾಖಲಿಸದೆ ಇರುವ ಎಲ್ಲ ಕೆಲಸವೂ ಇದರಿಂದ ಶಾಶ್ವತವಾಗಿ...’

ಅಲ್ಲಿ ಅವಳ ದನಿ ನಿಂತುಹೋಯಿತು. ಕೊನೆಯ ಪದವನ್ನು ಅವಳು ಇವತ್ತಿಗೂ ಗಟ್ಟಿಯಾಗಿ ಓದಿಲ್ಲ.

ಆ ಎಚ್ಚರಿಕೆಯ ಸಾಲಿನ ಬಗ್ಗೆ ನಿಮಗೆ ಒಂದು ವಿಷಯ ಹೇಳಲೇಬೇಕು. ಅದರ ಮೇಲೆ ನಾನು ಮೂರು ವಾರ ಕೆಲಸ ಮಾಡಿದ್ದೆ. ‘ಅಳಿಸಲ್ಪಡುತ್ತದೆ’ ಎಂದು ಬರೆದು, ಛೀ ಇದು ಯಾರ ಕನ್ನಡ ಎಂದು ಹೊಡೆದೆ. ‘ನಾಶವಾಗುತ್ತದೆ’ ಬಹಳ ಭಯಂಕರ. ‘ಇಲ್ಲವಾಗುತ್ತದೆ’ ಎಂದರೆ ಕವಿತೆಯಂತಾಯಿತು. ಕೊನೆಗೆ ‘ಶಾಶ್ವತವಾಗಿ ಅಳಿಸಿಹೋಗುತ್ತದೆ’ ಸಿಕ್ಕಾಗ ಎದ್ದು ಹೋಗಿ ನನಗೆ ನಾನೇ ಒಂದು ಚಹಾ ಮಾಡಿಕೊಂಡು ಕುಡಿದೆ. ಹನ್ನೊಂದು ಕರಡು. ಪದ ಪದವನ್ನೂ ತೂಗಿದೆ, ಸಾಲು ಎಲ್ಲಿ ಕೂತಿದೆ ಎಂದು ಮಾತ್ರ ಒಮ್ಮೆಯೂ ನೋಡಲಿಲ್ಲ. ಆ ಒಂದು ವಾಕ್ಯದ ಹನ್ನೊಂದು ರೂಪಗಳೂ ಜಾಡಿನಲ್ಲಿ ನನ್ನ ಹೆಸರಿನ ಸಮೇತ ಭದ್ರವಾಗಿವೆ. ಇಮಾಮ್‌ಸಾಬರ ನಲವತ್ತೊಂದು ಪದಗಳು ಇಲ್ಲ.

೫

ಇದಾದ ಮೇಲೆ ನನ್ನ ತಲೆ ಕೆಟ್ಟದ್ದು ಯಾವುದಕ್ಕೆಂದರೆ, ಯಾರೂ ನನ್ನನ್ನು ಬೈಯಲಿಲ್ಲ.

ಆದಮ್ಮ ಫೋನು ಮಾಡಿದಳು. ‘ಸರ, ನಿಮ್ಗ ತ್ರಾಸ ಕೊಡಾಕತ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ಪೂರ್ತಿ ಕೇಳದ ಒತ್ತಿಬಿಟ್ಟೀನ್ರಿ. ನಂದ ತಪ್ಪು. ಏನರ ದಾರಿ ಐತೇನ್ರಿ?’

‘ಇಲ್ಲ’ ಎಂದೆ. ದಾರಿ ಇಲ್ಲ ಎಂದು ಹನ್ನೊಂದು ಕರಡಿನಲ್ಲಿ ಬರೆದವನು ನಾನು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವಳಿಂದ ಫೋನು ಕಸಿದುಕೊಂಡು ಮಕ್ತುಂಬೀ ಹೇಳಿದಳು: ‘ಆಕಿ ತಪ್ಪಲ್ರಿ ಸರ. ಓದಿದಾಕಿ ನಾನು. ನಾ ಜರಾ ಮುಂದ ನೋಡ್ಕೊಂಡು ಓದಬೇಕಾಗಿತ್ತು.’

ಶುಕ್ರವಾರ ಇಮಾಮ್‌ಸಾಬರು ಬಂದರು. ವಿಷಯ ಕೇಳಿ, ‘ನಾನ ಜಲ್ದಿ ಹೂಂ ಅಂದಿದ್ರ ಇದು ಆಗ್ತಿದ್ದಿಲ್ಲ. ದೊಡ್ಡಸ್ತನ ಮಾಡಿದೆ’ ಎಂದರಂತೆ. ಚಹಾ ಕೂಡ ಕುಡಿಯದೆ ಮುದಗಲ್ ಬಸ್ಸು ಹತ್ತಿದರು.

ಮೂರು ಜನ, ಮೂವರೂ ತಪ್ಪು ತಮ್ಮದೇ ಎನ್ನುವವರು. ನನಗೆ ಕಿರುಚಬೇಕು ಅನ್ನಿಸಿತು. ಒಂದು ವಾಕ್ಯ ತಪ್ಪು ಜಾಗದಲ್ಲಿ ಕೂತದ್ದಕ್ಕೆ ಮಸ್ಕಿಯಿಂದ ಮುದಗಲ್ಲಿನವರೆಗೆ ಜನ ತಮ್ಮನ್ನು ತಾವೇ ಹಳಿದುಕೊಳ್ಳುತ್ತಿದ್ದಾರೆ, ವಾಕ್ಯ ಮಾತ್ರ ತನ್ನ ಜಾಗದಲ್ಲಿ ಆರಾಮಾಗಿ ಕೂತಿದೆ.

ಆದಮ್ಮ ಹಾಡಿನ ಕೆಲಸ ಬಿಟ್ಟಳು. ‘ನನ್ನ ಕೈಯಾಗ ಬ್ಯಾಡಕ್ಕ’ ಎಂದಳಂತೆ. ಅಷ್ಟೇ ಆಗಿದ್ದರೆ ಹೇಗೋ. ಪಹಣಿ ತೆಗೆಯುವಾಗಲೂ ಗಿರಾಕಿಯನ್ನು ‘ಒತ್ತಲೇನ್ರಿ, ಖರೇ ಒತ್ತಲೇನ್ರಿ’ ಎಂದು ಎರಡೆರಡು ಸಲ ಕೇಳುತ್ತಿದ್ದಳು. ನಾನು ಒಮ್ಮೆ ಹೋದಾಗ ಕಣ್ಣಾರೆ ನೋಡಿದೆ. ಕಣ್ಣು ಗೋಡೆಯ ಮೇಲಿಟ್ಟು ಟೈಪು ಮಾಡುತ್ತಿದ್ದವಳು ಈಗ ತನ್ನ ಬೆರಳನ್ನೇ ನೋಡುತ್ತಾ ಕೂತಿದ್ದಳು. ‘ತಪ್ಪು ನಿನ್ನದಲ್ಲವ್ವ, ನನ್ನ ಸಾಲಿನದು’ ಎಂದೆ. ‘ನೀವು ದೊಡ್ಡ ಮನಸ್ಸಿನೋರು, ಹಂಗ ಅಂತೀರಿ’ ಎಂದಳು.

೬

ಈಗ ಲಿಂಗಸುಗೂರಿನವನು. ಹೆಸರು ವಿರೇಶ. ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲೆಕ್ಚರರ್. ಜಾಡಿನ ಕನ್ನಡ ಕೈಪಿಡಿಯಲ್ಲಿ ಅವನು ಒಪ್ಪದೆ ಒಂದು ಅಲ್ಪವಿರಾಮವೂ ಅತ್ತಿತ್ತ ಆಗುವಂತಿಲ್ಲ. (ಏಕವಚನಕ್ಕೆ ಕ್ಷಮೆ ಇರಲಿ. ಎದುರಿಗೆ ಬಹುವಚನವೇ.) ನಾನು ಒಂದು ತಿದ್ದುಪಡಿ ಕಳಿಸಿದೆ: ೪.೩ರಲ್ಲಿ ಎಚ್ಚರಿಕೆಯ ಸಾಲನ್ನು ಆದೇಶಕ್ಕಿಂತ ಮೇಲೆ ತರಬೇಕು. ಒಂದು ಪದವನ್ನೂ ಬದಲಿಸಿಲ್ಲ. ಒಂದೇ ಒಂದು ಸಾಲು, ಒಂದೇ ಒಂದು ಮೆಟ್ಟಿಲು ಮೇಲಕ್ಕೆ.

ಮರುದಿನ ಉತ್ತರ ಬಂತು: ‘ದ್ಧೋಷವಲ್ಲ. ಮುಚ್ಚಲಾಗಿದೆ.’ ದೋಷ ಎಂಬ ಪದದಲ್ಲೇ ಒಂದು ಒತ್ತಕ್ಷರ ಹೆಚ್ಚಾಗಿತ್ತು. ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ಫೋನು ಹಚ್ಚಿದೆ.

‘ನೋಡ್ರಿ ಪಂಪಾಪತಿ ಸರ, ಇಂಗ್ಲಿಷ್ ಕೈಪಿಡ್ಯಾಗ ಎಚ್ಚರಿಕೆ ಕೆಳಗ ಐತಿ. ನಮ್ಮದ್ರಾಗೂ ಕೆಳಗ ಇರಬೇಕು. ಸಾಲಿಗೆ ಸಾಲು ಹೊಂದಬೇಕ್ರಿ.’

‘ನಲವತ್ತೊಂದ್ ಹಾಡು ಹೋಗ್ಯಾವ್ರಿ.’

‘ಹೋಗಿದ್ದು ಖರೇ ಐತ್ರಿ, ಕೆಟ್ಟ ಅನಿಸ್ತೈತಿ. ಆದ್ರ ಕೈಪಿಡ್ಯಾಗ ತಪ್ಪೇನೈತಿ? ಎಚ್ಚರಿಕಿ ಐತಲ್ಲ ಅಲ್ಲೇ?’

‘ಒತ್ತಿದ ಮ್ಯಾಲ ಐತ್ರಿ!’

‘ಪೂರ್ತಿ ಓದಿ ಒತ್ತಬೇಕ್ರಿ ಸರ. ಯಾರರ ಒಂದ್ ಸಾಲು ಓದಿ ಒತ್ತತಾರೇನು?’

ನಾನು ಆ ತಿದ್ದುಪಡಿಯ ಅರ್ಜಿಯನ್ನು ಮತ್ತೆ ತೆರೆದೆ. ಅವನು ಮುಚ್ಚಿದ. ಮತ್ತೆ ತೆರೆದೆ. ‘ಬಳಕೆದಾರರ ಅಜಾಗರೂಕತೆ’ ಎಂದು ಬರೆದು ಮುಚ್ಚಿದ. ಆ ದಿನವೇ ಮಾತ್ರೆ ಒಂದಕ್ಕೆ ಏರಿದ್ದು. ನಾಲ್ಕನೇ ಸಲ ತೆರೆದಾಗ ನನ್ನ ಹೆಂಡತಿ ರೇಣುಕಮ್ಮ, ‘ಅದೇನ್ರಿ, ಬಾಗಲಾ ತಗದು ಹಾಕಿ ತಗದು ಹಾಕಿ ಮಾಡಾಕತ್ತೀರಿ, ಒಳಗರ ಹೋಗ್ರಿ ಇಲ್ಲ ಹೊರಗರ ಬರ್ರಿ’ ಎಂದಳು. ಅವಳ ಮಾತಿನಂತೆ ನಾನೇ ಲಿಂಗಸುಗೂರಿಗೆ ಹೋಗುವುದೆಂದು ತೀರ್ಮಾನಿಸಿದೆ.

೮

ಹೋಗುವ ಮೊದಲು ಕಥೆಗೆ ಅಂತ್ಯ ಹುಡುಕಲು ಕೂತೆ. ಇದು ಲೇಖಕರ ರೋಗ. ಬದುಕಿನಲ್ಲಿ ಆಗದ್ದನ್ನು ಕರಡಿನಲ್ಲಿ ಮಾಡಿ ಮುಗಿಸಿಬಿಡುವುದು.

ಅಂತ್ಯ ಅ: ಮುಂದಿನ ಮೊಹರಂ ಬರುವ ಮೊದಲೇ ಇಮಾಮ್‌ಸಾಬರು ತೀರಿಕೊಳ್ಳುತ್ತಾರೆ. ಪದಗಳು ಅವರ ಜೊತೆಗೇ ಹೋಗುತ್ತವೆ. ಓದುಗರ ಕಣ್ಣು ಒದ್ದೆ.

ಬರೆದು ಮುಗಿಸಿ ಓದಿಕೊಳ್ಳುತ್ತಿದ್ದೆ. ಇಮಾಮ್‌ಸಾಬರು ಕಥೆಯಿಂದ ಎದ್ದು ಬಂದು ನನ್ನ ಮೇಜಿನ ತೌಡನ್ನು ಟವೆಲ್ಲಿನಿಂದ ಝಾಡಿಸಿ ಕೂತರು. ‘ಏನ್ ಪಂಪಾಪತಿ, ನನ್ನ ಮಣ್ಣ ಮಾಡಿಬಿಟ್ಟೆಲ್ಲ. ನಿನ್ನ ಒಂದ್ ಸಾಲು ಮ್ಯಾಲ ಸರಿಸಾಕ ನಾ ಸಾಯಬೇಕೇನು?’

‘ಹಾಗಲ್ಲ, ಪರಿಣಾಮ ಚೆನ್ನಾಗಿರುತ್ತದೆ...’

‘ಪರಿಣಾಮ ಅಂತ! ನನ್ನ ಮೊಣಕಾಲ ನೋವು ಬಿಟ್ರ ನಾ ಬೇಫಿಕರ್ ಅದೀನಿ. ಅಳಸು ಅದನ್ನ.’

ಅಳಿಸಿದೆ. (ದಾಖಲಿಸಿರಲಿಲ್ಲ, ಶಾಶ್ವತವಾಗಿ ಹೋಯಿತು. ನಷ್ಟವೇನಿಲ್ಲ.)

ಅಂತ್ಯ ಆ: ನನಗೆ ಬಹಳ ಪ್ರೀತಿಯದು, ಒಂದೇ ಪಟ್ಟಿಗೆ ಕೂತು ಬರೆದೆ. ಮೂವರೂ ವಿರೇಶನ ಕೊಠಡಿಗೆ ಹೋಗುತ್ತೇವೆ. ಅವನದೇ ಕಂಪ್ಯೂಟರು, ಅದರಲ್ಲಿ ಅವನ ಆರು ತಿಂಗಳ ಕೆಲಸ, ದಾಖಲಿಸಿಲ್ಲ. ಮಕ್ತುಂಬೀ ಅವನೇ ಒಪ್ಪಿದ ಕೈಪಿಡಿ ಓದುತ್ತಾಳೆ. ದನಿ ಇಳಿಯುತ್ತದೆ. ಆದಮ್ಮ...

ಆದಮ್ಮ ಒತ್ತಲಿಲ್ಲ.

‘ಒತ್ತವ್ವ’ ಎಂದೆ.

‘ಒತ್ತಂಗಿಲ್ರಿ ಸರ.’

‘ಇದು ಕಥೆ ಆದಮ್ಮ. ನಿಜವಾಗಿ ಏನೂ ಹೋಗುವುದಿಲ್ಲ. ಅವನಿಗೆ ಒಂದು ಪಾಠ.’

‘ಬ್ಯಾರೇದೋರ ಕೆಲಸ ನಾ ಅಳಸಂಗಿಲ್ರಿ. ಕಥಿಯೊಳಗ ಸೈತ ಅಳಸಂಗಿಲ್ಲ. ಅಳಿಸಿದ್ರ ಹೆಂಗ ಅನಿಸ್ತೈತಿ ಅಂತ ನಿಮ್ಗ ಗೊತ್ತಿಲ್ಲ.’

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಇದನ್ನು ಹಾಸ್ಯ ಮಾಡಿ ಮರೆಸಲು ನೋಡಿದೆ, ಆಗಲಿಲ್ಲ.

೯

ಕಡೆಗೆ ಹೋದದ್ದು ಹೀಗೆ. ಸಿಂಧನೂರಿನಿಂದ ಬಸ್ಸು ಹಿಡಿದು, ಮಸ್ಕಿಯಲ್ಲಿ ಇಬ್ಬರನ್ನೂ ಹತ್ತಿಸಿಕೊಂಡು ಲಿಂಗಸುಗೂರಿಗೆ. ಆದಮ್ಮನಿಗೆ ಬರಲು ಮನಸ್ಸಿರಲಿಲ್ಲ, ಮಕ್ತುಂಬೀ ಕೈ ಹಿಡಿದು ಎಳೆದು ತಂದಿದ್ದಳು. ವಿರೇಶ ಚಹಾ ತರಿಸಿದ, ಬಿಸ್ಕತ್ತು ತರಿಸಿದ. ಒಳ್ಳೆಯ ಮನುಷ್ಯ, ಅದೇ ಕಷ್ಟ. ನಾನು ಟೈಪಿಂಗ್ ಇನ್‌ಸ್ಟಿಟ್ಯೂಟು, ಇಳಿಯುವ ದನಿ, ಕಿರುಬೆರಳು ಎಲ್ಲ ವಿವರಿಸಿದೆ. ಅವನು ನಕ್ಕ.

‘ಓದೋರು ಓದ್ಲಿ. ಕೈ ನನ್ನ ಮಾತು ಕೇಳ್ತೈತ್ರಿ. ನೀವ ಓದ್ರಿ ಟೀಚರ, ನಾ ಟೈಪ್ ಮಾಡತೀನಿ. ನೋಡೋಣ.’

ಅವನು ತನ್ನದೇ ಕಂಪ್ಯೂಟರಿನ ಮುಂದೆ ಕೂತ. ನನ್ನ ಎದೆ ಡವಗುಟ್ಟಿತು, ಸುಳ್ಳು ಹೇಳುವುದಿಲ್ಲ, ಆಸೆಯಿಂದ. ಆದಮ್ಮ ಆ ದಿನ ಮೊದಲ ಸಲ ಬಾಯಿಬಿಟ್ಟಳು.

‘ಸರ, ಮೊದ್ಲ ಒಂದ್ ಖಾಲಿ ಫೋಲ್ಡರ್ ಮಾಡ್ಕೊಳ್ರಿ. ಅದ್ರಾಗ ಸುಮ್ಕ ಏನರ ಒಂದೆರಡು ಸಾಲು ಬರೀರಿ. ನಿಮ್ಮ ಕೆಲಸದಾಗ ಬ್ಯಾಡ.’

ಮಾಡಿಕೊಂಡ. ಮಕ್ತುಂಬೀ ೪.೩ ತೆರೆದು ಓದಿದಳು. ‘ಇದಕ್ಕಾಗಿ ಈ ಆದೇಶ ನೀಡಿ. ಜಾಡು, ಮರಳು, ಪೂರ್ತಿ.’

ದನಿ ಇಳಿಯಿತು. ವಿರೇಶನ ಕಿರುಬೆರಳು ಎಂಟರ್ ಒತ್ತಿತು.

ಅವನು ತನ್ನ ಕೈ ನೋಡಿಕೊಂಡ. ಅವನೂ ಅದೇ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವನು ಎಂದು ಆಮೇಲೆ ತಿಳಿಯಿತು, ಈ ಊರಿನಲ್ಲಿ ಇನ್ನೆಲ್ಲಿ ಕಲಿಯುತ್ತಾನೆ? ಆದಮ್ಮ ಮುಂದೆ ಬಾಗಿ, ಖಾಲಿಯಾದ ಫೋಲ್ಡರನ್ನೂ ಅವನ ಬೆರಳನ್ನೂ ನೋಡಿದಳು.

‘ಓದೋರು ಹಂಗ ನಿಲ್ಲಿಸಬಾರದ್ರಿ’ ಎಂದ ವಿರೇಶ. ಮೇಲೆ ತರುವುದಕ್ಕೆ ಒಪ್ಪಿದನೇ? ಇಲ್ಲ. ‘ದೋಷವಲ್ಲ, ಮುಚ್ಚಲಾಗಿದೆ’ ಎಂಬುದನ್ನು ‘ಪರಿಶೀಲನೆಯಲ್ಲಿದೆ’ ಎಂದು ಬದಲಿಸಿದ. ಈ ಸಾಲು ಬರೆಯುವ ಹೊತ್ತಿಗೂ ಅದು ಪರಿಶೀಲನೆಯಲ್ಲೇ ಇದೆ. ಒಂದು ಸಾಲು! ಪರಿಶೀಲಿಸಲು ಅದರಲ್ಲಿ ಏನಿದೆ ಎಂದು ದೇವರೇ ಹೇಳಬೇಕು.

ವಾಪಸು ಬಸ್ಸಿನಲ್ಲಿ ನಾನು ಉರಿಯುತ್ತಾ ಕೂತಿದ್ದೆ. ಮುಂದಿನ ಸೀಟಿನಲ್ಲಿ ಆದಮ್ಮ ಮಸ್ಕಿ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಇಳಿಯುವ ಹೊತ್ತಿಗೆ ಮಕ್ತುಂಬೀಗೆ ಹೇಳಿದಳು: ‘ಅವ್ರೂ ಒತ್ತಿದ್ರಲ್ಲಕ್ಕ.’

ಎರಡು ತಿಂಗಳು ನಾನು ಬಾಯಿ ನೋಯಿಸಿಕೊಂಡು ಹೇಳಿದ್ದನ್ನು ಆ ಮನುಷ್ಯನ ಕಿರುಬೆರಳು ಒಂದು ಕ್ಷಣದಲ್ಲಿ ಹೇಳಿಬಿಟ್ಟಿತ್ತು. ನನಗೆ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು.

೧೦ (ಮೊದಲು ಇಲ್ಲಿ ‘ಕೊನೆ’ ಎಂದು ಬರೆದಿದ್ದೆ)

ಇವತ್ತು ಮಧ್ಯಾಹ್ನ ಇಮಾಮ್‌ಸಾಬರು ಹೇಳದೆ ಕೇಳದೆ ಸೆಂಟರಿಗೆ ಬಂದರು. ಮೊಹರಂಗೆ ಇನ್ನೂ ತಿಂಗಳುಗಳಿವೆ. ಸರ್ವರ್ ಡೌನ್ ಇತ್ತು. ನಾನೂ ಅಲ್ಲೇ ಇದ್ದೆ, ಕೈಪಿಡಿಯ ಪುಟಗಳನ್ನು ಹೊಸದಾಗಿ ಬರೆದು, ಮೊದಲ ಪ್ರಿಂಟನ್ನು ಇವರಿಬ್ಬರ ಮೇಲೆ ಪರೀಕ್ಷೆ ಮಾಡೋಣ ಎಂದು. ವಿರೇಶ ಒಪ್ಪಲಿ ಬಿಡಲಿ.

‘ಹಾಡಂಗಿಲ್ಲ’ ಎಂದರು ಇಮಾಮ್‌ಸಾಬರು, ಕುರ್ಚಿಯಲ್ಲಿ ಕೂರುತ್ತಾ. ‘ಹೇಳತೀನಿ. ಹೇಳಾಕ ಮೊಹರಂ ಬೇಕಂತಿಲ್ಲ. ಆದ್ರ ಆದಮ್ಮನ ಬರೀಬೇಕು. ಬ್ಯಾರೆ ಯಾರೂ ಬ್ಯಾಡ.’

ಆದಮ್ಮ ಮಕ್ತುಂಬೀಯ ಮುಖ ನೋಡಿದಳು. ಆಮೇಲೆ ಬಂದು ಕೂತಳು.

ಇಮಾಮ್‌ಸಾಬರು ಮೂರು ಸಾಲು ಹೇಳಿದರು. ನಾಲ್ಕನೆಯದು ಬರಲಿಲ್ಲ. ರಾಗವಿಲ್ಲದೆ ಮಾತು ಬರುವುದಿಲ್ಲ ಎಂಬುದು ಅವರಿಗೂ ಆಗಲೇ ಗೊತ್ತಾದದ್ದು. ಸ್ವಲ್ಪ ಹೊತ್ತು ತಡಕಾಡಿ, ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು, ಮೂಗಿನೊಳಗೇ ರಾಗ ಎಳೆದರು. ಆಮೇಲೆ ಬಾಯಿ ತೆರೆದು ಸಾಲನ್ನು ಬರೀ ಮಾತಿನಲ್ಲಿ ಹೇಳಿದರು. ಹೀಗೆ ಒಂದು ಸಾಲು ಮೂಗಿನಲ್ಲಿ, ಒಂದು ಸಾಲು ಬಾಯಲ್ಲಿ. ನಗು ಬರಬೇಕಾಗಿತ್ತು, ಯಾರೂ ನಗಲಿಲ್ಲ. ಆದಮ್ಮನ ಕಣ್ಣು ಗೋಡೆಗೆ ಹೋಗಿತ್ತು.

ನಡುವೆ ಅವಳೇ ನಿಲ್ಲಿಸಿದಳು. ‘ತಾತ, ಹೋದ ಸಲ ಇಲ್ಲೇ ಕುದುರಿ ಒಂದ ತಿರುಗಿ ಬಂದಿತ್ತಲ್ಲ?’

‘ಆ ಸಲ ಬಂದಿತ್ತು ಬೇಟಿ. ಈ ಸಲ ಇನ್ನ ಬಂದಿಲ್ಲ.’

ಅವಳು ತಲೆಯಾಡಿಸಿ ಮುಂದಕ್ಕೆ ಹೊಡೆದಳು.

ಪದ ಮುಗಿಯಿತು. ನಲವತ್ತೊಂದರಲ್ಲಿ ಒಂದು. ಹಳೆಯದೇ ಅಲ್ಲ, ಆದರೆ ಪದ ಅದೇ. ಇಮಾಮ್‌ಸಾಬರು ಅದನ್ನು ಓದಿಸಿ ಕೇಳಲೂ ಇಲ್ಲ. ‘ಹೂಂ’ ಎಂದರು. ‘ಹೂಂ ಅಂದೀನಿ. ಈಗಿಂದೀಗ ಬರಿ ನನ್ನ ಹೆಸರು. ಅದೇನ್ ಬಂಡೆ ಮ್ಯಾಲ ಕೆತ್ತೋದೈತೋ ಕೆತ್ತು.’

ಮಕ್ತುಂಬೀ ನನ್ನ ಹೊಸ ಪುಟಗಳನ್ನು ತೆಗೆದು, ಹೆಸರಿನ ಜಾಗದಲ್ಲಿ ಮಾವನ ಹೆಸರು ಸೇರಿಸಿ ಓದಿದಳು. ‘ದಾಖಲಿಸುವುದು. ಇದಕ್ಕಾಗಿ ಈ ಆದೇಶ ನೀಡಿ. ಜಾಡು, ದಾಖಲಿಸು, ಹೆಸರು ಇಮಾಮ್‌ಸಾಬ್.’

ದನಿ ಇಳಿಯಿತು. ಒಂದು ಉಸಿರು ನಿಂತಿತು.

ಆದಮ್ಮನ ಕಿರುಬೆರಳು ಎಂಟರ್ ಮೇಲೆ ಹೋಗಿ ಕೂತಿತು. ಒತ್ತಲಿಲ್ಲ.

‘ಮುಂದಿನ ಸಾಲು ಓದಕ್ಕ’ ಎಂದಳು. ಹೆದರಿ ಕೇಳಿದ ದನಿಯಲ್ಲ ಅದು. ಅಂಗಡಿಯಲ್ಲಿ ಅರ್ಜಿದಾರರಿಗೆ ಆಧಾರ್ ಕಾರ್ಡು ತೋರಿಸಿ ಎಂದು ಹೇಳುವ ದನಿ.

ಮಕ್ತುಂಬೀ ಹಾಳೆ ತಿರುವಿದಳು. ಹಿಂದೆ ಖಾಲಿ. ಇನ್ನೊಮ್ಮೆ ತಿರುವಿದಳು. ಆ ಪುಟವನ್ನು ನಾನು ಅಷ್ಟಕ್ಕೇ ಬಿಟ್ಟಿದ್ದೆ. ಆದೇಶದ ಕೆಳಗೆ ಏನು ಬರೆಯಬೇಕು, ಅದು ಮೇಲೆ ಇರಬೇಕೋ ಕೆಳಗಿರಬೇಕೋ ಎಂದು ತೀರ್ಮಾನವಾಗಿರಲಿಲ್ಲ.

ಮೂವರೂ ನನ್ನ ಕಡೆ ತಿರುಗಿದರು.

‘ಒತ್ತವ್ವ, ಏನೂ ಆಗುವುದಿಲ್ಲ’ ಎಂದೆ.

‘ನೀವು ಬಾಯಿಲೆ ಹೇಳೋದು ಬ್ಯಾಡ್ರಿ ಸರ’ ಎಂದಳು ಆದಮ್ಮ. ‘ಒತ್ತಿದ ಮ್ಯಾಲ ಏನೈತಿ, ಅದನ್ನ ಮೊದ್ಲ ಬರೀರಿ. ಅಕ್ಕ ಓದ್ತಾಳ. ಆಮ್ಯಾಲ ಒತ್ತತೀನಿ.’

ಪೆನ್ನು ತೆಗೆದುಕೊಂಡಿದ್ದೇನೆ. ಇಮಾಮ್‌ಸಾಬರು ಬಾಯಿ ಮುಚ್ಚಿಕೊಂಡು ಎರಡನೇ ಪದದ ರಾಗ ಆಗಲೇ ಎಳೆಯುತ್ತಿದ್ದಾರೆ. ಆದಮ್ಮನ ಬೆರಳು ಎಂಟರ್ ಮೇಲೇ ಇದೆ.